ಸರ್ಪಗಂಧದ ಪುಡಿಯಿಂದ ಅಮ್ಮನ ಬಿಪಿ ಇಳಿದಿದೆ, ಆದರೆ ಅಮ್ಮ ಮಂಕಾಗಿದ್ದಾರೆ

ಪ್ರಶ್ನೆ: ನಾವು ಬೆಂಗಳೂರಿನ ಬಸವೇಶ್ವರನಗರದಲ್ಲಿದ್ದೇವೆ. ನನ್ನ ತಾಯಿಗೆ 61 ವರ್ಷ. ನಾಲ್ಕು ವರ್ಷಗಳಿಂದ ರಕ್ತದೊತ್ತಡಕ್ಕೆ ಅಮ್ಲೋಡಿಪಿನ್ 10 ಮಿಲಿಗ್ರಾಂ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಸಂಜೆಯಾದರೆ ಪಾದಗಳು ಊದಿಕೊಳ್ಳುತ್ತಿದ್ದುದರಿಂದ, ಮಾತ್ರೆ ಕಿಡ್ನಿಯನ್ನು ಹಾಳುಮಾಡುತ್ತಿದೆಯೆಂದು ಹೆದರಿ ಎರಡು ತಿಂಗಳ ಹಿಂದೆ ಬಿಟ್ಟರು. ಆಗ ಬಿಪಿ 164/98ಕ್ಕೆ ಏರಿತು. ಪರಿಚಯದವರೊಬ್ಬರ ಮಾತಿನಂತೆ ಗ್ರಂಧಿಗೆ ಅಂಗಡಿಯಿಂದ ಸರ್ಪಗಂಧದ ಬೇರಿನ ಪುಡಿ ತಂದು ಬೆಳಿಗ್ಗೆ, ರಾತ್ರಿ ಅರ್ಧರ್ಧ ಚಮಚ ಕೊಡುತ್ತಿದ್ದೇವೆ. ಜೊತೆಗೆ ಹೊಳೆಮತ್ತಿ ತೊಗಟೆ ಮತ್ತು ಜ್ಯೇಷ್ಠಮಧುವಿನ ಕಷಾಯ, ಎರಡು ಎಸಳು ಹಸಿ ಬೆಳ್ಳುಳ್ಳಿ. ಆರು ವಾರಗಳಾದವು, ಈಗ ಬಿಪಿ 126/78 ಇದೆ. ಆದರೆ ಅಮ್ಮನಿಗೆ ಮೂಗು ಸದಾ ಕಟ್ಟಿರುತ್ತದೆ, ಹಗಲಿನಲ್ಲೂ ತೂಕಡಿಸುತ್ತಾರೆ, ಮೊಮ್ಮಗನ ಜೊತೆಗೂ ಮೊದಲಿನಂತೆ ಮಾತಿಲ್ಲ. ಮಂಡಿನೋವಿಗೆ ಆಗಾಗ ಮೆಡಿಕಲ್ ಸ್ಟೋರಿನಿಂದ ನೋವಿನ ಮಾತ್ರೆ ತರಿಸಿಕೊಳ್ಳುತ್ತಾರೆ. ಗಿಡಮೂಲಿಕೆಗೆ ಅಡ್ಡಪರಿಣಾಮವಿಲ್ಲ ಎನ್ನುತ್ತಾರೆ. ಇಂಗ್ಲಿಷ್ ಮಾತ್ರೆಯನ್ನು ಪೂರ್ತಿಯಾಗಿ ಬಿಡಬಹುದೇ? ಇದಕ್ಕಿಂತ ಸೌಮ್ಯವಾದ ಮೂಲಿಕೆ ಇದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು 164/98 ಅಲ್ಲ, ಮೊಮ್ಮಗನ ಜೊತೆಗೂ ಮಾತಿಲ್ಲ ಎಂಬ ಸಾಲು. ನೀವು ಅದನ್ನು ಕೊನೆಯಲ್ಲಿ, ಬಿಪಿ ಇಳಿದ ಸಮಾಧಾನದ ನಂತರ ಬರೆದಿದ್ದೀರಿ. ನಾನು ಅಲ್ಲಿಂದಲೇ ಆರಂಭಿಸುತ್ತೇನೆ, ಏಕೆಂದರೆ ಕಟ್ಟಿದ ಮೂಗು, ಹಗಲಿನ ತೂಕಡಿಕೆ, ಮಾತು ಕಡಿಮೆಯಾದದ್ದು ಮತ್ತು ಇಳಿದ ರಕ್ತದೊತ್ತಡ, ಈ ನಾಲ್ಕಕ್ಕೂ ಒಂದೇ ಕಾರಣವಿರುವ ಸಾಧ್ಯತೆ ಹೆಚ್ಚು, ಮತ್ತು ಆ ಕಾರಣ ನಿಮ್ಮ ಮನೆಯ ಪುಡಿಯ ಪೊಟ್ಟಣದಲ್ಲಿದೆ. ಅವರನ್ನು ಪರೀಕ್ಷಿಸದೆ ಇದನ್ನು ಖಚಿತವಾಗಿ ಹೇಳಲಾಗದು, ಆದರೆ ಈ ವಾರವೇ ವೈದ್ಯರಿಗೆ ತೋರಿಸಬೇಕಾದಷ್ಟು ಬಲವಾದ ಸಂಶಯ ಇದು.

ಸರ್ಪಗಂಧದಿಂದ ಬಿಪಿ ಇಳಿಯುವುದು ಕಟ್ಟುಕತೆಯಲ್ಲ. ನಿಮ್ಮ ತಾಯಿಯವರ ಬಿಪಿ ಇಳಿದದ್ದು ನಂಬಿಕೆಯ ಬಲದಿಂದ ಎಂದು ನಾನು ಹೇಳುವುದಿಲ್ಲ. ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ ಅವರು ಈ ಬೇರು ಮನೋವಿಕಾರಕ್ಕೂ ಹೆಚ್ಚಿದ ರಕ್ತದೊತ್ತಡಕ್ಕೂ ಉಪಯುಕ್ತವೆಂದು 1931ರಲ್ಲಿಯೇ ಬರೆದರು. ಮುಂಬಯಿಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ ಅವರು ತಮ್ಮ ರೋಗಿಗಳ ಅನುಭವವನ್ನು 1949ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆ ಜಗತ್ತು ಈ ಗಿಡದತ್ತ ತಿರುಗಿ ನೋಡಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ರಸಾಯನಶಾಸ್ತ್ರಜ್ಞರು ಬೇರಿನಿಂದ ರಿಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಿದರು. ಬಿಪಿಗೆ ಚಿಕಿತ್ಸೆ ಕೊಟ್ಟರೆ ಪಾರ್ಶ್ವವಾಯುವಿನಂಥ ಅನಾಹುತಗಳು ತಗ್ಗುತ್ತವೆಂದು ಮೊದಲಬಾರಿಗೆ ಗಟ್ಟಿಯಾಗಿ ತೋರಿಸಿದ ಅಮೆರಿಕದ ನಿವೃತ್ತ ಯೋಧರ ಅಧ್ಯಯನದಲ್ಲಿ (1967 ಮತ್ತು 1970) ಕೊಟ್ಟ ಮೂರು ಔಷಧಗಳಲ್ಲಿ ರಿಸರ್ಪಿನ್ ಒಂದಾಗಿತ್ತು. ಹಾಗಾಗಿ ನಿಮ್ಮ ತಾಯಿಯವರು ಇಂಗ್ಲಿಷ್ ಮಾತ್ರೆ ಬಿಟ್ಟು ಮೂಲಿಕೆಗೆ ಬಂದಿದ್ದಾರೆ ಎನ್ನುವುದಕ್ಕಿಂತ, ಅಳತೆ ಗೊತ್ತಿದ್ದ ಒಂದು ಔಷಧವನ್ನು ಬಿಟ್ಟು ಅಳತೆ ಗೊತ್ತಿಲ್ಲದ ಇನ್ನೊಂದು ಔಷಧಕ್ಕೆ ಬಂದಿದ್ದಾರೆ ಎನ್ನುವುದೇ ಸರಿ.

ಇದರ ಜೊತೆಗೇ ಒಂದು ತಪ್ಪು ತಿಳಿವಳಿಕೆಯನ್ನೂ ಬಿಡಿಸಿಡಬೇಕು. ಸರ್ಪಗಂಧವು ಸಾವಿರಾರು ವರ್ಷಗಳಿಂದ ಬಿಪಿಗೆ ಬಳಕೆಯಲ್ಲಿದೆ ಎಂಬ ಮಾತನ್ನು ರೋಗಿಗಳು ನನ್ನೆದುರು ವಾರಕ್ಕೊಮ್ಮೆಯಾದರೂ ಹೇಳುತ್ತಾರೆ. ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡವನ್ನು ಅಳೆಯುವ ಉಪಕರಣ ಬಂದದ್ದೇ 1896ರಲ್ಲಿ, ಮೇಲಿನ ಮತ್ತು ಕೆಳಗಿನ ಎರಡೂ ಅಂಕಿಗಳನ್ನು ಸದ್ದು ಕೇಳಿ ಗುರುತಿಸುವ ವಿಧಾನ ಬಂದದ್ದು 1905ರಲ್ಲಿ. ಹೆಚ್ಚಿನವರಲ್ಲಿ ಯಾವ ಲಕ್ಷಣವನ್ನೂ ತೋರಿಸದ ಈ ತೊಂದರೆ ಅದಕ್ಕೂ ಮೊದಲು ಅಂಕಿಯಾಗಿ ಯಾರಿಗೂ ಕಾಣುವಂತಿರಲಿಲ್ಲ. ಹಳೆಯ ಕಾಲದಲ್ಲಿ ಈ ಬೇರನ್ನು ಕೊಡುತ್ತಿದ್ದುದು ಹಾವಿನ ಕಡಿತಕ್ಕೆ, ನಿದ್ರೆ ಬಾರದವರಿಗೆ ಮತ್ತು ಬುದ್ಧಿಭ್ರಮಣೆಗೆ. ಬಿಹಾರದ ಕಡೆ ಇದಕ್ಕೆ ಹುಚ್ಚಿನ ಮದ್ದು ಎಂಬ ಅರ್ಥದ ಹೆಸರೇ ಇತ್ತು. ಇದನ್ನು ಆಯುರ್ವೇದದ ಮೇಲಿನ ದೂರಾಗಿ ಹೇಳುತ್ತಿಲ್ಲ. ಉದ್ರೇಕಗೊಂಡವರನ್ನು ಶಾಂತಗೊಳಿಸಿ ಮಲಗಿಸುತ್ತಿದ್ದ ಬೇರು ಎಂದು ನಮ್ಮ ಹಿರಿಯರು ಸರಿಯಾಗಿಯೇ ಗುರುತಿಸಿದ್ದರು. ಆ ಗುಣವೇ ಇಂದು ನಿಮ್ಮ ಮನೆಯಲ್ಲಿ ಕಾಣುತ್ತಿದೆ ಎಂಬುದು ನನ್ನ ಅನುಮಾನ.

ಇದು ಹೇಗೆ ಆಗುತ್ತದೆ ಎಂದು ತಿಳಿದರೆ ನಿಮಗೇ ಸ್ಪಷ್ಟವಾಗುತ್ತದೆ. ನಮ್ಮ ನರಗಳ ತುದಿಯಲ್ಲಿ ಸಣ್ಣ ಸಣ್ಣ ಚೀಲಗಳಿವೆ. ರಕ್ತನಾಳಗಳನ್ನು ಬಿಗಿಯುವ ನಾರ್‌ಅಡ್ರಿನಲಿನ್ ಎಂಬ ವಸ್ತು ಅವುಗಳಲ್ಲಿ ತುಂಬಿರುತ್ತದೆ. ರಿಸರ್ಪಿನ್ ಆ ಚೀಲಗಳಿಗೆ ಸರಕು ತುಂಬುವ ಬಾಗಿಲನ್ನೇ ಮುಚ್ಚಿಬಿಡುತ್ತದೆ. ದಿನಗಳೆದಂತೆ ಚೀಲಗಳು ಬರಿದಾಗಿ ರಕ್ತನಾಳಗಳು ಸಡಿಲಗೊಳ್ಳುತ್ತವೆ, ನಾಡಿ ನಿಧಾನವಾಗುತ್ತದೆ, ಒತ್ತಡ ಇಳಿಯುತ್ತದೆ. ಮೂಗಿನ ಒಳಪದರದ ರಕ್ತನಾಳಗಳೂ ಹಾಗೆಯೇ ಸಡಿಲಗೊಂಡು ಊದಿಕೊಳ್ಳುವುದರಿಂದ ಶೀತವಿಲ್ಲದೆಯೂ ಮೂಗು ಕಟ್ಟುತ್ತದೆ. ಮಿದುಳಿನಲ್ಲಿ ಉತ್ಸಾಹಕ್ಕೂ ಚಲನೆಗೂ ಬೇಕಾದ ಸೆರೊಟೋನಿನ್ ಮತ್ತು ಡೋಪಮಿನ್ ಕೂಡ ಇಂಥದೇ ಚೀಲಗಳಲ್ಲಿರುತ್ತವೆ, ಅವೂ ಬರಿದಾಗುತ್ತವೆ. ತೂಕಡಿಕೆ, ಜಡತ್ವ, ಕೆಲವರಲ್ಲಿ ಕೈನಡುಕ, ಇನ್ನು ಕೆಲವರಲ್ಲಿ ಖಿನ್ನತೆಯಂಥ ಸ್ಥಿತಿ ಬರುವುದು ಹೀಗೆ. ಜಠರದಲ್ಲಿ ಆಮ್ಲವೂ ಹೆಚ್ಚುವುದರಿಂದ ಹುಣ್ಣಿನ ತೊಂದರೆ ಇದ್ದವರಿಗೆ ಅದು ಕೆರಳಬಹುದು. ಖಿನ್ನತೆಗೂ ಈ ಔಷಧಕ್ಕೂ ಇರುವ ಸಂಬಂಧ ಎಷ್ಟು ಬಲವಾದದ್ದು ಎಂಬ ಬಗ್ಗೆ ವೈದ್ಯರಲ್ಲಿ ಈಗಲೂ ಚರ್ಚೆಯಿದೆ, ಕಡಿಮೆ ಪ್ರಮಾಣದಲ್ಲಿ ಬಹಳ ಮಂದಿಗೆ ಏನೂ ಆಗುವುದಿಲ್ಲ. ಆದರೆ ಎದುರಿಗಿರುವ ಒಬ್ಬ ವ್ಯಕ್ತಿ ಪುಡಿ ಶುರುವಾದ ಮೇಲೆ ಮಂಕಾಗಿದ್ದಾರೆಂದರೆ, ನಾನು ಆ ಚರ್ಚೆ ಮುಗಿಯುವವರೆಗೆ ಕಾಯುವುದಿಲ್ಲ.

ಇನ್ನು ಪ್ರಮಾಣದ ಮಾತು. ರಿಸರ್ಪಿನ್ ಮಾತ್ರೆಯ ರೂಪದಲ್ಲಿ ಬಳಕೆಯಲ್ಲಿದ್ದಾಗ ದಿನಕ್ಕೆ ಕಾಲು ಮಿಲಿಗ್ರಾಂ ಎಂದರೆ ಸಾಕಷ್ಟು ದೊಡ್ಡ ಪ್ರಮಾಣ. ಬೇರಿನ ಪುಡಿಯನ್ನೇ ಮಾತ್ರೆ ಮಾಡಿ ಅಮೆರಿಕದಲ್ಲಿ ಮಾರುತ್ತಿದ್ದ ಕಾಲದಲ್ಲಿ ಒಂದು ಮಾತ್ರೆಯಲ್ಲಿ ಇರುತ್ತಿದ್ದುದು 50 ಅಥವಾ 100 ಮಿಲಿಗ್ರಾಂ ಪುಡಿ. ನಿಮ್ಮ ಅರ್ಧ ಚಮಚ ಒಂದು ಗ್ರಾಂಗಿಂತ, ಅಂದರೆ 1000 ಮಿಲಿಗ್ರಾಂಗಿಂತ ಕಡಿಮೆ ತೂಗಲಾರದು, ಅದೂ ದಿನಕ್ಕೆ ಎರಡು ಬಾರಿ. ಆಯುರ್ವೇದ ವೈದ್ಯರು ಗ್ರಾಂ ಲೆಕ್ಕದಲ್ಲಿ ಕೊಡುವುದುಂಟು, ಆದರೆ ಅವರು ರೋಗಿಯ ನಾಡಿ, ನಿದ್ರೆ, ಮನಸ್ಸನ್ನು ನೋಡುತ್ತಾ ಕೊಡುತ್ತಾರೆ, ಬೇಕೆಂದಾಗ ನಿಲ್ಲಿಸುತ್ತಾರೆ. ಅಂಗಡಿಯ ಪುಡಿಗೆ ಆ ಕಣ್ಗಾವಲಿಲ್ಲ. ಸಾರದ ಬಹುಪಾಲು ಬೇರಿನ ಸಿಪ್ಪೆಯಲ್ಲಿರುತ್ತದೆ, ಗಿಡದ ವಯಸ್ಸು ಮತ್ತು ಬೆಳೆದ ನೆಲಕ್ಕೆ ತಕ್ಕಂತೆ ಅದು ಏರುಪೇರಾಗುತ್ತದೆ. ಆದ್ದರಿಂದ ಈ ತಿಂಗಳ ಪೊಟ್ಟಣದ ಅರ್ಧ ಚಮಚಕ್ಕೂ ಮುಂದಿನ ತಿಂಗಳ ಅರ್ಧ ಚಮಚಕ್ಕೂ ಒಂದೇ ಶಕ್ತಿ ಇರುತ್ತದೆಂಬ ಭರವಸೆಯಿಲ್ಲ. ಅತಿಯಾಗಿ ಅಗೆದು ತೆಗೆದದ್ದರಿಂದ ಸರ್ಪಗಂಧ ಕಾಡಿನಲ್ಲಿ ಅಪರೂಪವಾಗಿದೆ, ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿರ್ಬಂಧವಿದೆ. ಹೀಗಾಗಿ ಅದೇ ಕುಲದ, ದಕ್ಷಿಣ ಭಾರತದಲ್ಲಿ ರಸ್ತೆಬದಿಯ ಕಳೆಯಂತೆ ಬೆಳೆಯುವ ಇನ್ನೊಂದು ಗಿಡದ ಬೇರು ಸರ್ಪಗಂಧದ ಹೆಸರಿನಲ್ಲಿ ಬೆರಕೆಯಾಗುವುದು ಈ ವ್ಯಾಪಾರದಲ್ಲಿ ತಿಳಿದ ಸಂಗತಿ. ಪುಡಿಯಾದ ಮೇಲೆ ಎರಡನ್ನೂ ಕಣ್ಣಿನಿಂದ ಬೇರ್ಪಡಿಸುವುದು ನನಗೂ ಸಾಧ್ಯವಿಲ್ಲ, ಬಹುಶಃ ಮಾರಿದವರಿಗೂ ಸಾಧ್ಯವಿಲ್ಲ.

ನಿಮ್ಮ ಕಷಾಯದಲ್ಲಿ ನನಗೆ ಇನ್ನೂ ಹೆಚ್ಚು ಕಳವಳ ತಂದದ್ದು ಜ್ಯೇಷ್ಠಮಧು, ಅಂದರೆ ಅತಿಮಧುರ. ಕೆಮ್ಮು ಬಂದಾಗ ಒಂದು ಚೂರು ಬಾಯಲ್ಲಿಟ್ಟುಕೊಂಡರೆ ತೊಂದರೆಯಿಲ್ಲ. ಆದರೆ ವಾರಗಟ್ಟಲೆ ದಿನವೂ ಕುಡಿದರೆ ಅದು ರಕ್ತದೊತ್ತಡವನ್ನು ಏರಿಸುತ್ತದೆ. ದೇಹದಲ್ಲಿ ಉಪ್ಪು ಮತ್ತು ನೀರನ್ನು ಹಿಡಿದಿಡುವ ಹಾರ್ಮೋನಿನ ಕೆಲಸವನ್ನು ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನ್ ಕೂಡ ಮಾಡಬಲ್ಲದು; ಅದನ್ನು ಮೂತ್ರಪಿಂಡದಲ್ಲಿ ತಡೆಯುವ ಕಿಣ್ವವೊಂದಿದೆ, ಅತಿಮಧುರದ ಸಿಹಿಸಾರ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಆಗ ಉಪ್ಪು ಉಳಿಯುತ್ತದೆ, ಪೊಟ್ಯಾಸಿಯಂ ಮೂತ್ರದಲ್ಲಿ ಹರಿದುಹೋಗುತ್ತದೆ, ಸ್ನಾಯುಗಳು ಸೋಲುತ್ತವೆ, ಹೃದಯದ ಬಡಿತ ತಪ್ಪಬಹುದು. ನಿಮ್ಮ ತಾಯಿಯವರ ನಿಶ್ಶಕ್ತಿಯಲ್ಲಿ ಇದರ ಪಾಲೂ ಇರಬಹುದು. ಒಂದೇ ಮನೆಯಲ್ಲಿ, ಒಂದೇ ಕಾಯಿಲೆಗೆಂದು, ಒತ್ತಡ ಇಳಿಸುವ ಬೇರನ್ನೂ ಏರಿಸುವ ಬೇರನ್ನೂ ಒಟ್ಟಿಗೆ ಕೊಡುತ್ತಿದ್ದೀರಿ. ಇದು ನಿಮ್ಮ ತಪ್ಪಲ್ಲ, ಹೇಳಿದವರಿಗೇ ಗೊತ್ತಿರಲಿಲ್ಲ.

ಹೊಳೆಮತ್ತಿಯ ವಿಷಯ ಬೇರೆ. ಕಾವೇರಿ ದಂಡೆಯ ಉದ್ದಕ್ಕೂ ಬೆಳೆಯುವ ಈ ಮರದ ತೊಗಟೆಯನ್ನು ಹಾಲಿನಲ್ಲಿ ಕುದಿಸಿ ಹೃದಯದ ತೊಂದರೆಗೆ ಕೊಡುವುದು ಹಳೆಯ ಪದ್ಧತಿ. ಎದೆನೋವು ಮತ್ತು ಹೃದಯ ದುರ್ಬಲವಾದವರ ಮೇಲೆ ಸಣ್ಣ ಅಧ್ಯಯನಗಳೂ ನಡೆದಿವೆ. ಬಿಪಿಗೆ ಅದನ್ನು ನಂಬಿ ಮಾತ್ರೆ ಬಿಡುವಷ್ಟು ಆಧಾರ ಇಲ್ಲ. ಬೆಳ್ಳುಳ್ಳಿಗೆ ಸ್ವಲ್ಪ ಹೆಚ್ಚಿನ ಆಧಾರವಿದೆ: ಬಿಪಿ ಇದ್ದವರಲ್ಲಿ ಅದರ ಸಾರದ ಮಾತ್ರೆಗಳು ಮೇಲಿನ ಅಂಕಿಯನ್ನು ಕೆಲವು ಅಂಶ ಇಳಿಸಿದ್ದನ್ನು ಹಲವು ಪ್ರಯೋಗಗಳು ತೋರಿಸಿವೆ. ಆದರೆ ಅವು ಅಳತೆ ಮಾಡಿದ ಸಾರಗಳು, ಖಾಲಿ ಹೊಟ್ಟೆಯ ಹಸಿ ಎಸಳುಗಳಲ್ಲ. ಸಾರಿಗೆ, ಒಗ್ಗರಣೆಗೆ ಧಾರಾಳವಾಗಿ ಹಾಕಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾದವರು ಹೆಚ್ಚು ಬೆಳ್ಳುಳ್ಳಿ ತಿನ್ನುವ ವಿಷಯವನ್ನು ವೈದ್ಯರಿಗೆ ತಿಳಿಸಲೇಬೇಕು, ರಕ್ತಸ್ರಾವ ಹೆಚ್ಚಬಹುದು.

ಸೌಮ್ಯವಾದ ಮೂಲಿಕೆ ಇದೆಯೇ ಎಂದು ಕೇಳಿದ್ದೀರಿ. ದಾಸವಾಳದ ಚಹಾದ ಬಗ್ಗೆ ನಿಮಗೆ ಯಾರಾದರೂ ಹೇಳಿಯೇ ಇರುತ್ತಾರೆ. ಅದರಲ್ಲಿ ಒಂದು ಗೊಂದಲವಿದೆ. 2010ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ, ಬಿಪಿ ಸ್ವಲ್ಪ ಹೆಚ್ಚಿದ್ದ 65 ಮಂದಿಯಲ್ಲಿ ಕೆಲವರು ಆರು ವಾರ ದಿನಕ್ಕೆ ಮೂರು ಲೋಟ ಕೆಂಪು ಚಹಾ ಕುಡಿದಾಗ ಮೇಲಿನ ಅಂಕಿ ಸರಾಸರಿ 7 ಅಂಶ ಇಳಿಯಿತು, ಬರಿಯ ಬಣ್ಣದ ಪಾನೀಯ ಕುಡಿದವರಲ್ಲಿ ಸುಮಾರು 1 ಅಂಶ. ಆದರೆ ಅದು ನಾವು ದೇವರಿಗೆ ಏರಿಸುವ, ತಲೆಗೂದಲಿಗೆ ಅರೆದು ಹಚ್ಚುವ ದಾಸವಾಳವಲ್ಲ. ಉತ್ತರ ಕರ್ನಾಟಕದ ಪುಂಡಿ ಪಲ್ಯದ ಬಳಗಕ್ಕೆ ಸೇರಿದ ಗಿಡ. ಹೂವಿನ ದಳ ಉದುರಿದ ಮೇಲೆ ಕಾಯಿಯ ಸುತ್ತ ಉಳಿಯುವ ಕೆಂಪಾದ, ದಪ್ಪನೆಯ, ಹುಳಿ ಎಸಳುಗಳಿಂದ ಆ ಚಹಾ ಮಾಡುತ್ತಾರೆ. ಸಕ್ಕರೆ ಹಾಕದೆ ಕುಡಿದರೆ ಒಳ್ಳೆಯ ಪಾನೀಯವೇ. 164 ಇದ್ದವರಿಗೆ ಅದೊಂದೇ ಸಾಲದು. ನುಗ್ಗೆಸೊಪ್ಪು, ಒಂದೆಲಗದ ತಂಬುಳಿ, ಮೆಂತ್ಯದ ಹಿಟ್ಟು, ಎಲ್ಲವೂ ಊಟಕ್ಕೆ ಒಳ್ಳೆಯವು, ನಮ್ಮ ಮನೆಯಲ್ಲೂ ಮಾಡುತ್ತೇವೆ. ಅವನ್ನು ಔಷಧವೆಂದು ನಾನು ಬರೆದುಕೊಡಲಾರೆ. ಸಂದರ್ಭ ಬಂದದ್ದಕ್ಕೆ ಒಂದು ಎಚ್ಚರಿಕೆ: ದೇವನಹಳ್ಳಿಯ ಚಕ್ಕೋತ ಗ್ರೇಪ್‌ಫ್ರೂಟಿನ ಹತ್ತಿರದ ಬಂಧು. ನಿಫೆಡಿಪಿನ್, ಫೆಲೋಡಿಪಿನ್‌ನಂಥ ಬಿಪಿಯ ಕೆಲವು ಮಾತ್ರೆಗಳು ದೇಹದಲ್ಲಿ ವಿಭಜನೆಯಾಗುವುದನ್ನು ತಡೆಯುವ ಸಂಯುಕ್ತಗಳು ಅದರಲ್ಲೂ ಇವೆ. ಆ ಮಾತ್ರೆಯಲ್ಲಿರುವವರು ಕೇಳಿಕೊಂಡು ತಿನ್ನುವುದು ಒಳ್ಳೆಯದು.

ಈಗ ಅಮ್ಲೋಡಿಪಿನ್ ವಿಷಯಕ್ಕೆ ಬರೋಣ, ಏಕೆಂದರೆ ಎಲ್ಲವೂ ಆರಂಭವಾದದ್ದು ಅಲ್ಲಿ. ಪಾದದ ಊತ ನಿಜವಾದ ತೊಂದರೆ, ಅದನ್ನು ಯಾರಾದರೂ ಮೊದಲೇ ಹೇಳಬೇಕಿತ್ತು. ಈ ಮಾತ್ರೆ ಸಣ್ಣ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ದ್ರವ ಪಾದದ ಕಡೆ ಜಿನುಗುತ್ತದೆ. 10 ಮಿಲಿಗ್ರಾಂನಲ್ಲಿ ಇದು ಸಾಮಾನ್ಯ, 5ರಲ್ಲಿ ಬಹಳ ಕಡಿಮೆ. ಆ ಊತ ಕಿಡ್ನಿ ಹಾಳಾದ ಗುರುತಲ್ಲ. ಕಿಡ್ನಿಯನ್ನು ವರ್ಷಗಳ ಕಾಲ ಸದ್ದಿಲ್ಲದೆ ಸವೆಸುವುದು ಹತೋಟಿ ತಪ್ಪಿದ ರಕ್ತದೊತ್ತಡ. ನನ್ನ ಬಳಿ ಬರುವವರಲ್ಲಿ ಮಾತ್ರೆ ಬಿಟ್ಟವರನ್ನು ಕೇಳಿದರೆ ಹೆಚ್ಚಿನವರಿಗೆ ಇಂಥದೇ ಒಂದು ಸಣ್ಣ, ಪರಿಹಾರವಿದ್ದ ಕಾರಣವಿರುತ್ತದೆ. ಹೊರರೋಗಿ ವಿಭಾಗದ ಮೂರು ನಿಮಿಷದಲ್ಲಿ ಅದನ್ನು ಹೇಳಿಕೊಳ್ಳಲು ಅವರಿಗೆ ಅವಕಾಶ ಸಿಕ್ಕಿರುವುದಿಲ್ಲ. ಇದರಲ್ಲಿ ನಮ್ಮ ವೃತ್ತಿಯ ಕೊರತೆಯೂ ಇದೆ, ನಾನು ಅದನ್ನು ಒಪ್ಪಿಕೊಳ್ಳುತ್ತೇನೆ.

ಮಂಡಿನೋವಿನ ಮಾತ್ರೆಯನ್ನು ಮಾತ್ರ ಹಗುರವಾಗಿ ನೋಡಬೇಡಿ. ಡೈಕ್ಲೋಫಿನಾಕ್, ಐಬುಪ್ರೊಫೆನ್ ಬಳಗದ ನೋವುನಿವಾರಕಗಳು ದೇಹದಲ್ಲಿ ಉಪ್ಪನ್ನು ಹಿಡಿದಿಟ್ಟು ಬಿಪಿಯನ್ನು ಏರಿಸುತ್ತವೆ, ಬಿಪಿ ಮಾತ್ರೆಗಳ ಬಲವನ್ನು ಕುಗ್ಗಿಸುತ್ತವೆ, ಊತವನ್ನೂ ಹೆಚ್ಚಿಸುತ್ತವೆ. ಕಿಡ್ನಿಗೆ ಹೆದರಬೇಕಾದದ್ದಿದ್ದರೆ ಈ ಮಾತ್ರೆಗೆ ಹೆದರಬೇಕಿತ್ತು. ಅದನ್ನು ನಿಲ್ಲಿಸಿದರೆ ಬಿಪಿ ತಾನಾಗಿ ಕೆಲವು ಅಂಶ ಇಳಿಯಬಹುದು. ಮಂಡಿಗೆ ಹಚ್ಚುವ ಮುಲಾಮು, ತೊಡೆಯ ಸ್ನಾಯುವಿನ ವ್ಯಾಯಾಮ, ಬೇಕಾದಾಗ ವೈದ್ಯರು ಹೇಳಿದ ಮಿತಿಯಲ್ಲಿ ಪ್ಯಾರಸಿಟಮಾಲ್ ಸಾಕಾಗಬಹುದು.

ಹಾಗಾದರೆ ಏನು ಮಾಡಬಹುದು? ಸರ್ಪಗಂಧದ ಪುಡಿ ಮತ್ತು ಜ್ಯೇಷ್ಠಮಧುವಿನ ಕಷಾಯ ಎರಡನ್ನೂ ಇಂದೇ ನಿಲ್ಲಿಸಿ. ಬರಿದಾದ ಚೀಲಗಳು ಮತ್ತೆ ತುಂಬಲು ದಿನಗಳು, ವಾರಗಳು ಬೇಕಾಗುವುದರಿಂದ ಪುಡಿಯ ಪರಿಣಾಮ ಮೆಲ್ಲಮೆಲ್ಲನೆ ಇಳಿಯುತ್ತದೆ, ಬಿಪಿ ಒಮ್ಮೆಗೇ ಜಿಗಿಯುವ ಸಾಧ್ಯತೆ ಕಡಿಮೆ. ಅದೇ ಕಾರಣಕ್ಕೆ ಹಳೆಯ 10 ಮಿಲಿಗ್ರಾಂ ಮಾತ್ರೆಯನ್ನು ನೀವಾಗಿಯೇ ಮತ್ತೆ ಶುರುಮಾಡಬೇಡಿ. ಎರಡೂ ಸೇರಿ ಒತ್ತಡ ತೀರಾ ಕುಸಿದು ಅಮ್ಮ ತಲೆಸುತ್ತಿ ಬೀಳಬಹುದು. ವೈದ್ಯರು ಹೆಚ್ಚಾಗಿ ಅಮ್ಲೋಡಿಪಿನ್ ಅನ್ನು 5ಕ್ಕೆ ಇಳಿಸಿ ಟೆಲ್ಮಿಸಾರ್ಟನ್ ಎಂಬ ಇನ್ನೊಂದು ಬಿಪಿ ಮಾತ್ರೆಯ ಜೊತೆ ಕೊಡುವುದನ್ನೋ, ಟೆಲ್ಮಿಸಾರ್ಟನ್ ಒಂದನ್ನೇ ಕೊಡುವುದನ್ನೋ ಯೋಚಿಸುತ್ತಾರೆ. ಈ ಜೋಡಿಯಲ್ಲಿ ಪಾದದ ಊತವೂ ತಗ್ಗುತ್ತದೆ. ಟೆಲ್ಮಿಸಾರ್ಟನ್‌ಗೂ ತನ್ನದೇ ಎಚ್ಚರಿಕೆಗಳಿವೆ: ಪೊಟ್ಯಾಸಿಯಂ ಏರಬಹುದು, ಆದ್ದರಿಂದ ಆರಂಭಿಸಿದ ಒಂದೆರಡು ವಾರದಲ್ಲಿ ರಕ್ತಪರೀಕ್ಷೆ ಬೇಕು. ಕಿಡ್ನಿ ದುರ್ಬಲವಾಗಿದ್ದವರು ದಿನವೂ ಎಳನೀರು ಕುಡಿಯುವುದು, ಸೋಡಿಯಂ ಕಡಿಮೆಯೆಂದು ಮಾರುವ ಪೊಟ್ಯಾಸಿಯಂ ಬೆರೆತ ಉಪ್ಪನ್ನು ಬಳಸುವುದು ಈ ಮಾತ್ರೆಯೊಂದಿಗೆ ಅಪಾಯ. ಹಣದ ಚಿಂತೆಯಿದ್ದರೆ ಈ ಮಾತ್ರೆಗಳು ಜನೌಷಧಿ ಕೇಂದ್ರಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ, ಬಿಪಿ ತಪಾಸಣೆಗೆ ಹತ್ತಿರದ ಸರ್ಕಾರಿ ‘ನಮ್ಮ ಕ್ಲಿನಿಕ್’ಗೂ ಹೋಗಬಹುದು.

ಆಯುರ್ವೇದದಲ್ಲಿಯೇ ಮುಂದುವರಿಯಬೇಕೆಂಬುದು ಅಮ್ಮನ ದೃಢ ಇಚ್ಛೆಯಾದರೆ ನಾನು ಅದನ್ನು ತಳ್ಳಿಹಾಕುವುದಿಲ್ಲ. ಓದಿ ನೋಂದಾಯಿತರಾದ ಆಯುರ್ವೇದ ವೈದ್ಯರನ್ನು ಕಾಣಲಿ, ಮಂಕುತನದ ವಿಷಯವನ್ನು ಅವರಿಗೆ ಮೊದಲು ಹೇಳಲಿ, ಎರಡೂ ಕಡೆಯ ವೈದ್ಯರಿಗೆ ಪರಸ್ಪರರ ಔಷಧ ಗೊತ್ತಿರಲಿ. ಇಂಥ ಲಕ್ಷಣ ಬಂದವರಿಗೆ ಸರ್ಪಗಂಧವನ್ನು ಮತ್ತೆ ಕೊಡುವ ಜವಾಬ್ದಾರಿಯುತ ಆಯುರ್ವೇದ ವೈದ್ಯರನ್ನು ನಾನು ಈವರೆಗೆ ಕಂಡಿಲ್ಲ. ಔಷಧವೇ ಬೇಡ, ಪಥ್ಯದಲ್ಲೇ ನಿಭಾಯಿಸುತ್ತೇನೆ ಎನ್ನುವ ದಾರಿ 140ರ ಆಸುಪಾಸಿನಲ್ಲಿದ್ದು ಬೇರೆ ಕಾಯಿಲೆ ಇಲ್ಲದವರಿಗೆ ಕೆಲವು ತಿಂಗಳ ಮಟ್ಟಿಗೆ ಸರಿ. 164/98ಕ್ಕೆ ಏರಿದ್ದ 61ರ ವಯಸ್ಸಿನವರಿಗೆ ಅದು ಸರಿಯಲ್ಲ.

ಆದರೂ ಉಪ್ಪಿನ ಮಾತನ್ನು ಹೇಳದೆ ಬಿಡಲಾರೆ, ಯಾವ ಬೇರು ತೊಗಟೆಗಿಂತಲೂ ಅದರ ಲಾಭಕ್ಕೆ ಗಟ್ಟಿಯಾದ ಪುರಾವೆಯಿದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ, ಅದೂ ಇಡೀ ದಿನದ ಎಲ್ಲ ಊಟ ತಿಂಡಿಯೂ ಸೇರಿ. ಸಾರು ಹುಳಿಯ ಉಪ್ಪನ್ನು ಎಲ್ಲರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಚಟ್ನಿಪುಡಿ, ಮಜ್ಜಿಗೆ ಮೆಣಸಿನಕಾಯಿ, ಸಂಜೆಯ ಖಾರದ ಬಿಸ್ಕತ್ತು ಲೆಕ್ಕದಿಂದ ಹೊರಗೆ ಉಳಿಯುತ್ತವೆ.

ಮನೆಯಲ್ಲಿ ಬಿಪಿ ಅಳೆಯುವಾಗ ಬೆಳಿಗ್ಗೆ ಫಿಲ್ಟರ್ ಕಾಫಿಗೆ ಮೊದಲು, ಸಂಜೆ ಊಟಕ್ಕೆ ಮೊದಲು, ಐದು ನಿಮಿಷ ಬೆನ್ನು ಆನಿಸಿ ಸುಮ್ಮನೆ ಕೂತ ನಂತರ, ತೋಳು ಹೃದಯದ ಮಟ್ಟದಲ್ಲಿಟ್ಟು ಎರಡೆರಡು ಬಾರಿ ನೋಡಿ ಬರೆದಿಡಿ. ಮನೆಯ ಅಳತೆಯಲ್ಲಿ ಸರಾಸರಿ 135/85 ಮೀರಿದರೆ ಹೆಚ್ಚೆಂದೇ ಅರ್ಥ. ಪುಡಿ ನಿಲ್ಲಿಸಿದ ಮೊದಲ ಮೂರು ನಾಲ್ಕು ವಾರ ಇದನ್ನು ತಪ್ಪಿಸಬೇಡಿ, ನಾಡಿಯ ಅಂಕಿಯನ್ನೂ ಬರೆಯಿರಿ. 180/120 ದಾಟಿ ಎದೆನೋವು, ಉಸಿರಾಟದ ತೊಂದರೆ, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಕೈಕಾಲು ಸೋಲುವುದು ಕಂಡರೆ ಕಾಯದೆ 108ಕ್ಕೆ ಕರೆಮಾಡಿ.

ವೈದ್ಯರ ಬಳಿ ಹೋಗುವಾಗ ಪುಡಿಯ ಪೊಟ್ಟಣ, ಕಷಾಯದ ಸಾಮಗ್ರಿ, ನೋವಿನ ಮಾತ್ರೆಯ ಹಾಳೆ, ಹಳೆಯ ಚೀಟಿ ಎಲ್ಲವನ್ನೂ ಒಂದೇ ಚೀಲದಲ್ಲಿ ಒಯ್ಯಿರಿ. ಸೋಡಿಯಂ, ಪೊಟ್ಯಾಸಿಯಂ, ಕ್ರಿಯಾಟಿನಿನ್, ಮೂತ್ರದಲ್ಲಿ ಪ್ರೋಟೀನ್, ಒಂದು ಇಸಿಜಿ ಮಾಡಿಸಲು ಕೇಳಿ. ಅದಕ್ಕೂ ಮೊದಲು, ಇವತ್ತು ಸಂಜೆಯೇ, ಅಮ್ಮನ ಪಕ್ಕದಲ್ಲಿ ಕೂತು ಮನಸ್ಸು ಹೇಗಿದೆ, ಬದುಕು ಸಾಕೆನಿಸುತ್ತಿದೆಯೇ ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುತ್ತದೆಂಬ ಭಯ ಬೇಡ. ಹೌದೆಂದರೆ ವಾರಾಂತ್ಯಕ್ಕೆ ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ, ಆ ಹೊತ್ತಿನಲ್ಲಿ ಅವರನ್ನು ಒಂಟಿಯಾಗಿ ಬಿಡಬೇಡಿ. ರಾತ್ರಿಯ ಹೊತ್ತಾದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು.